ಪಂಜರದ ಮರಿ ಮತ್ತು ಐದು ಅತಿಚಾರಗಳು

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಕ್ಕಳೂ ಬೆರಳು ಮಡಚಿ ಎಣಿಸಬಲ್ಲರು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇವು ಬರುತ್ತವೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಅಲ್ಪ ಪದಭೇದದೊಡನೆ ಬರುತ್ತವೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಶಕ್ತಿಮೀರಿ ಹೇರುವುದು, ಅನ್ನನೀರನ್ನು ತಡೆಯುವುದು. ಮನೆಮನೆಯಲ್ಲಿ ಎತ್ತು, ಎಮ್ಮೆ, ಕುದುರೆಗಳಿದ್ದ ಕಾಲದಲ್ಲಿ ಈ ಐದೂ ದಿನನಿತ್ಯದ ಎಚ್ಚರಿಕೆಗಳಾಗಿದ್ದವು. ಇಂದು ಕೊಟ್ಟಿಗೆಯ ಜಾಗದಲ್ಲಿ ವಾಹನ ನಿಂತಿದೆ. ಹೀಗಾಗಿ ಸೂತ್ರದ ಈ ಭಾಗವು ತನಗೆ ಸಂಬಂಧಿಸಿದ್ದಲ್ಲವೆಂದು ಪೇಟೆಯ ಶ್ರಾವಕನು ಭಾವಿಸುವುದು ಸಹಜ. ನ್ಯಾಮತಿಯ ಒಂದು ಮನೆಯ ಹಿರಿಯರೂ ಹಾಗೆಯೇ ಭಾವಿಸಿದ್ದರು. 2024ರ ಮಾರ್ಚ್ ತಿಂಗಳಲ್ಲಿ ಒಂದೂವರೆ ಕಿಲೋ ತೂಗದ ಪಾಮೇರಿಯನ್ ಮರಿಯೊಂದು ಅವರ ಮನೆಗೆ ಬಂತು.

ಹಿರಿಯರು ಹೊನ್ನಾಳಿಯ ಪೇಟೆಯಲ್ಲಿ ಬಹುಕಾಲ ಬಟ್ಟೆಯಂಗಡಿ ನಡೆಸಿ, ಈಗ ಅದನ್ನು ಮಗನಿಗೆ ಒಪ್ಪಿಸಿ ಸ್ವಾಧ್ಯಾಯದಲ್ಲಿ ಕಾಲ ಕಳೆಯುತ್ತಿರುವವರು. ರಾತ್ರಿಭೋಜನ ಬಿಟ್ಟು ಇಪ್ಪತ್ತು ವರ್ಷಗಳೇ ಆಗಿವೆ. ಮರಿಯನ್ನು ಅವರು ಬಯಸಿ ತಂದವರಲ್ಲ. ಬೆಂಗಳೂರಿನ ಮಗಳು ತನ್ನ ಮಕ್ಕಳ ಹಟಕ್ಕೆ ಕೊಂಡು, ಬಾಡಿಗೆಮನೆಯವರು ಒಪ್ಪದ ಕಾರಣ, ಕಬ್ಬಿಣದ ಸರಳಿನ ಪಂಜರದ ಸಮೇತ ತವರಿಗೆ ತಂದುಬಿಟ್ಟಿದ್ದಳು. ಮಾಂಸಾಹಾರಿ ಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿದ ಆಚಾರ್ಯರಿದ್ದಾರೆಂದು ಹಿರಿಯರು ಮೊದಲ ದಿನವೇ ಆಕ್ಷೇಪಿಸಿದರು. ಆಕ್ಷೇಪವು ಶಾಸ್ತ್ರಸಮ್ಮತವೇ ಆಗಿತ್ತು. ಆದರೆ ಬಂದುಬಿಟ್ಟಿರುವ ಜೀವವನ್ನು ಬೀದಿಗೆ ಬಿಡುವುದು ಯಾವ ಶಾಸ್ತ್ರಕ್ಕೆ ಸಮ್ಮತವೆಂದು ಸೊಸೆ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಮರಿ ಉಳಿಯಿತು.

ಮುಂದಿನ ಮೂರು ವಾರಗಳ ಕಥೆ, ನಾಯಿಮರಿ ಸಾಕಿದ ಎಲ್ಲರಿಗೂ ಗೊತ್ತಿರುವಂಥದು. ಪಡಸಾಲೆಯಲ್ಲಿ, ಜಗಲಿಯಲ್ಲಿ, ಅಡುಗೆಮನೆಯ ಹೊಸ್ತಿಲಲ್ಲಿ, ಒಮ್ಮೆ ಸ್ವಾಧ್ಯಾಯದ ಚಾಪೆಯ ಮೇಲೆಯೇ ಮರಿ ಮೂತ್ರ ಮಾಡಿತು. ಸೊಸೆ ಅದರ ಮೂಗನ್ನು ಒದ್ದೆಯ ನೆಲಕ್ಕೆ ಒತ್ತಿ ಗದರಿದಳು. ಹಾಗೆ ಮಾಡಬೇಕೆಂದು ನೆರೆಮನೆಯವರು ಹೇಳಿಕೊಟ್ಟಿದ್ದರು. ಹಿರಿಯರು ದಿನಪತ್ರಿಕೆಯನ್ನು ಸುರುಳಿ ಸುತ್ತಿ ಬೆನ್ನಿಗೆ ಹೊಡೆದರು. ಕಾಗದದ ಏಟು, ಎಂಥ ನೋವಾದೀತು ಎಂಬುದು ಅವರ ಸಮಾಧಾನವಾಗಿತ್ತು. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ‘ವಧ’ ಎಂಬ ಪದಕ್ಕೆ ಈ ಸಂದರ್ಭದಲ್ಲಿ ಕೊಲ್ಲುವುದೆಂಬ ಅರ್ಥವಿಲ್ಲ, ಕೋಲು ಚಾಟಿ ಮೊದಲಾದವುಗಳಿಂದ ಹೊಡೆಯುವುದೆಂಬ ಅರ್ಥವಿದೆಯೆಂದು ಬಿಡಿಸಿ ಹೇಳಿರುವುದನ್ನು ಅವರು ಎಷ್ಟೋ ಸಲ ಓದಿದ್ದರು. ಓದಿದ್ದು ಕೈಗೆ ಇಳಿಯಲು ತಡವಾಯಿತು.

ಏಟಿನಿಂದ ಮರಿ ಕಲಿಯಲಿಲ್ಲವೆಂದಲ್ಲ, ಕಲಿಯಿತು. ಆದರೆ ಮನೆಯೊಳಗೆ ಮಾಡಬಾರದೆಂಬುದನ್ನಲ್ಲ, ಮನುಷ್ಯರ ಕಣ್ಣಿಗೆ ಬೀಳುವಂತೆ ಮಾಡಬಾರದೆಂಬುದನ್ನು. ಅಕ್ಕಿಮೂಟೆಯ ಹಿಂದೆ, ಮಂಚದ ಕೆಳಗೆ ಒದ್ದೆ ಕಾಣತೊಡಗಿತು. ಹಿತ್ತಲಿಗೆ ಕರೆದೊಯ್ದರೆ ಹಿರಿಯರ ಎದುರಿಗೆ ಅದು ಏನೂ ಮಾಡದೆ ಬಾಲ ಮುದುರಿ ನಿಲ್ಲುತ್ತಿತ್ತು. ಒಳಗೆ ಬಂದೊಡನೆ ಮೂಲೆ ಹುಡುಕುತ್ತಿತ್ತು. ನಾಯಿಯು ಹೊಗಳಿಕೆಯನ್ನಾಗಲಿ ದಂಡನೆಯನ್ನಾಗಲಿ ಆ ಕ್ಷಣದ ಕ್ರಿಯೆಯೊಡನೆ ಮಾತ್ರ ಜೋಡಿಸಿಕೊಳ್ಳುತ್ತದೆ. ಕೆಲವು ನಿಮಿಷ ಕಳೆದ ಮೇಲೆ ಬಿದ್ದ ಏಟು ಅದರ ಪಾಲಿಗೆ ಕಾರಣವಿಲ್ಲದ ಏಟು. ತಪ್ಪಿತಸ್ಥನಂತೆ ಅದು ತಲೆ ತಗ್ಗಿಸುವುದು ಪಶ್ಚಾತ್ತಾಪದಿಂದಲ್ಲ, ಎದುರಿಗೆ ನಿಂತವನ ಮುಖಭಾವ ಕಂಡ ಹೆದರಿಕೆಯಿಂದ.

ಹೊಲಸು ಮಾಡಿತೆಂದು ಹೊಡೆತ ತಿಂದ ಇನ್ನೊಂದು ನಾಯಿಯ ಕಥೆ ಜೈನರ ಮನೆಗಳಿಗೆ ಹೊಸದಲ್ಲ. ಯಜ್ಞದ ಅಡುಗೆಯನ್ನು ಮುಟ್ಟಿತೆಂದು ಹೊಡೆತ ತಿಂದು ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರಕುಮಾರನು ಪಂಚನಮಸ್ಕಾರ ಮಂತ್ರವನ್ನು ಉಸುರಿದನು. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಅವನಿಗೆ ನೆರವಾಯಿತು. ಕನ್ನಡದಲ್ಲಿ ಭಾಸ್ಕರ ಕವಿ 1424ರಲ್ಲಿ ರಚಿಸಿದ ಜೀವಂಧರ ಚರಿತೆ ಈ ಕುಮಾರನ ಕಥೆಯೇ. ಪುರಾಣಶ್ರವಣದಲ್ಲಿ ಎಲ್ಲರೂ ಜೀವಂಧರನ ಪಕ್ಷದಲ್ಲಿ ಕುಳಿತು ಕೇಳುತ್ತಾರೆ. ಮನೆಯ ಚಾಪೆ ಒದ್ದೆಯಾದಾಗ ಯಾರ ಪಕ್ಷದಲ್ಲಿ ನಿಲ್ಲುತ್ತಾರೆಂಬುದು ಬೇರೆ ಮಾತು.

ಏಪ್ರಿಲ್ ತಿಂಗಳ ಒಂದು ದಿನ ಜಗಳೂರಿನಲ್ಲಿ ಸೊಸೆಯ ತವರಿನವರ ಮನೆಯ ಗೃಹಪ್ರವೇಶವಿತ್ತು. ಹೊನ್ನಾಳಿ, ದಾವಣಗೆರೆ ದಾಟಿ ಹೋಗಿ ಬರಬೇಕಾದ ದಾರಿ. ಮರಿಯನ್ನು ಪಂಜರದೊಳಗೆ ಬಿಟ್ಟು ಚಿಲಕ ಹಾಕಿದರು. ನೀರಿಟ್ಟರೆ ಪಂಜರದಲ್ಲಿಯೇ ಒದ್ದೆ ಮಾಡೀತೆಂದು ಬಟ್ಟಲನ್ನು ಹೊರಗೆ ತೆಗೆದಿಟ್ಟರು. ಬೆಳಗ್ಗೆ ಏಳಕ್ಕೆ ಹೊರಟವರು ಮರಳಿದಾಗ ಸಂಜೆ ಐದು ದಾಟಿತ್ತು. ಆ ವರ್ಷದ ಬೇಸಿಗೆಯ ಬಿಸಿಲು ಓದುಗರಿಗೆ ಮರೆತಿರಲಾರದು. ಮರಿ ತನ್ನದೇ ಮಲಮೂತ್ರದ ನಡುವೆ ಅಡ್ಡಬಿದ್ದಿತ್ತು; ಬಾಯಿ ಒಣಗಿತ್ತು; ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲಲಿಲ್ಲ. ಸರಳುಗಳ ಕೆಳಭಾಗದಲ್ಲಿ ಉಗುರಿನಿಂದ ಕೆರೆದ ಗುರುತುಗಳಿದ್ದವು.

ಪಶುವೈದ್ಯರು ಗ್ಲೂಕೋಸ್ ಕೊಟ್ಟು ಉಳಿಸಿದರು. ಸಣ್ಣ ತಳಿಯ ಮರಿಗಳಿಗೆ ಮೈಯಲ್ಲಿ ಸಕ್ಕರೆಯ ಸಂಗ್ರಹ ತೀರ ಕಡಿಮೆ, ದಿನಕ್ಕೆ ಮೂರು ನಾಲ್ಕು ಸಲ ಉಣಿಸದಿದ್ದರೆ ಅದು ಇಳಿದು ಪ್ರಾಣಕ್ಕೇ ಬಂದೀತು ಎಂದರು. ಬಳಿಕ, ‘ಮರಿಗೆ ಎಷ್ಟು ತಿಂಗಳು?’ ಎಂದು ಕೇಳಿದರು. ಮೂರು ತುಂಬಿಲ್ಲವೆಂದಾಗ, ‘ತಿಂಗಳ ಲೆಕ್ಕಕ್ಕೆ ಒಂದು ಕೂಡಿಸಿ, ಅಷ್ಟು ಗಂಟೆ ಹಗಲಿನಲ್ಲಿ ಮೂತ್ರ ತಡೆದೀತು. ಇಷ್ಟು ಸಣ್ಣದು ಅದಕ್ಕಿಂತ ಕಡಿಮೆಯೇ. ನೀವು ಹತ್ತು ಗಂಟೆ ತಡೆ ಅಂದಿದ್ದೀರಿ’ ಎಂದರು. ಬೈಗುಳವಿಲ್ಲದ ಆ ಮಾತು ಹಿರಿಯರಿಗೆ ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಅಂದು ರಾತ್ರಿ ಸಾಮಾಯಿಕಕ್ಕೆ ಕುಳಿತು ಆಲೋಚನೆ ಮಾಡುವಾಗ ಅವರು ಬೆರಳು ಮಡಚಿದರು. ಬಂಧ, ಆಯಿತು. ವಧ, ಆಯಿತು. ಅನ್ನಪಾನನಿರೋಧ, ಅದೂ ಆಯಿತು. ಅತಿಭಾರವೆಂದರೆ ಗಾಡಿಯ ಮೂಟೆಯೆಂದೇ ಅವರು ತಿಳಿದಿದ್ದರು. ಮೂರು ಗಂಟೆ ತಡೆಯಬಲ್ಲ ಪುಟ್ಟ ಮೂತ್ರಕೋಶದ ಮೇಲೆ ಹತ್ತು ಗಂಟೆಯನ್ನು ಹೇರಿದ್ದೂ ಭಾರವೇ ಎಂಬುದು ಆಗ ಹೊಳೆಯಿತು. ಉಳಿದದ್ದು ಛೇದವೊಂದೇ. ಅದೂ ಅವರ ಪುಣ್ಯದಿಂದಲ್ಲ. ಪಾಮೇರಿಯನ್ನಿಗೆ ಪೊದೆಬಾಲವೇ ಚೆಲುವು. ಬಾಲ ಮೊಟಕು ಮಾಡುವ ತಳಿಯಾಗಿದ್ದರೆ ಮಾರುವವರು ಅದನ್ನು ಮೊದಲೇ ಮುಗಿಸಿರುತ್ತಿದ್ದರು.

ಹಾಗಾದರೆ ಪಂಜರವನ್ನು ಗುಜರಿಗೆ ಹಾಕುವುದೇ ಸರಿಯೆಂದು ಹಿರಿಯರು ನಿಶ್ಚಯಿಸಿದರು. ವೈದ್ಯರು ಬೇಡವೆಂದರು. ಮರಿಗಳು ತಾವು ಮಲಗುವ ಜಾಗವನ್ನು ಹೊಲಸು ಮಾಡಲು ಹಿಂಜರಿಯುತ್ತವೆ. ಆ ಸ್ವಭಾವವೇ ಈ ಅಭ್ಯಾಸದ ಬುನಾದಿ. ಪಂಜರವು ಮರಿ ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಸಾಕಾಗುವಷ್ಟಿರಬೇಕು; ತೀರ ದೊಡ್ಡದಾದರೆ ಒಂದು ಮೂಲೆ ಶೌಚಕ್ಕೆ, ಒಂದು ಮೂಲೆ ನಿದ್ರೆಗೆ ಎಂದಾಗುತ್ತದೆ. ಮೊದಲ ದಿನಗಳಲ್ಲಿ ಬಾಗಿಲು ತೆರೆದೇ ಇರಬೇಕು. ಹಳೆಯ ಸೀರೆ ಹಾಸಿ, ಊಟದ ತಟ್ಟೆಯನ್ನು ಒಳಗಿಡಬೇಕು. ಅದು ತಾನಾಗಿ ಹೋಗಿ ಮಲಗತೊಡಗಿದ ಮೇಲೆ, ಮನೆಯವರು ಹತ್ತಿರವೇ ಇದ್ದು, ಕೆಲವು ನಿಮಿಷ ಬಾಗಿಲು ಹಾಕಬಹುದು. ಶಿಕ್ಷೆಗಾಗಿ ಒಮ್ಮೆ ದೂಡಿದರೂ ಅದು ಮತ್ತೆ ಗೂಡಾಗುವುದಿಲ್ಲ, ಸೆರೆಮನೆಯೇ ಆಗುತ್ತದೆ.

ಇಲ್ಲಿ ಪೂಜ್ಯಪಾದರ ವಿವರಣೆ ಮತ್ತೆ ಉಪಯೋಗಕ್ಕೆ ಬರುತ್ತದೆ. ಜೀವಿಯು ತಾನು ಹೋಗಬಯಸುವ ಕಡೆಗೆ ಹೋಗದಂತೆ ತಡೆಯುವುದು ಬಂಧವೆಂದು ಅವರ ಅಭಿಪ್ರಾಯ. ಅಂದರೆ ಬಂಧವಿರುವುದು ಸರಳಿನಲ್ಲಲ್ಲ, ತಡೆಯುವುದರಲ್ಲಿ. ತೆರೆದ ಬಾಗಿಲಿನ ಪಂಜರದಲ್ಲಿ ತಾನಾಗಿ ಮಲಗಿದ ಮರಿ ಬಂಧಿಯಲ್ಲ. ಚಿಲಕವಿಲ್ಲದ ಅಂಗಳದಲ್ಲಿ ಎರಡು ಮೊಳದ ಸರಪಳಿಗೆ ಹಗಲಿರುಳು ಬಿಗಿದ ನಾಯಿ ಬಂಧಿ. ಅತಿಥಿಗೃಹಗಳ, ಗೋದಾಮುಗಳ ಕಾವಲಿಗೆ ನಾಯಿ ಕಟ್ಟಿಸುವ ಟ್ರಸ್ಟಿನವರೂ ಇದನ್ನು ಗಮನಿಸಬೇಕು. ಚಲಿಸಲು ಎಡೆಯಿಲ್ಲದ ಪಂಜರ, ಅಳತೆಗೆಟ್ಟ ಗಿಡ್ಡ ಸರಪಳಿ, ಅನ್ನನೀರಿನ ಅಭಾವ, ಈ ಮೂರನ್ನೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯು ಅಪರಾಧವೆಂದೇ ಎಣಿಸುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು 2017ರ ನಿಯಮಗಳಿವೆ. ಸೂತ್ರಕಾರರು ಹೇಳಿದ್ದನ್ನು ಸರ್ಕಾರವು ಬಹಳ ತಡವಾಗಿ, ದಂಡದ ಭಯವಿಟ್ಟು ಹೇಳಿದೆ.

ಹೊಸ ಕ್ರಮ ಸುಲಭವಾಗಿರಲಿಲ್ಲ. ಎದ್ದೊಡನೆ, ಉಂಡು ಹತ್ತು ಹದಿನೈದು ನಿಮಿಷಕ್ಕೆ, ಆಡಿದ ಮೇಲೆ, ಮಲಗುವ ಮುನ್ನ, ಇವಲ್ಲದೆ ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಮರಿಯನ್ನು ಹಿತ್ತಲಿನ ಒಂದೇ ಜಾಗಕ್ಕೆ ಒಯ್ಯಬೇಕು. ಕೆಲಸ ಮುಗಿಸಿದ ಕ್ಷಣದಲ್ಲಿಯೇ ಮೆಚ್ಚಿ ಮಾತಾಡಿಸಿ ಒಂದು ತುಣುಕು ತಿನಿಸು ಕೊಡಬೇಕು. ಒಳಗೆ ಮಾಡಿದರೆ ಮಾತಿಲ್ಲದೆ ಒರೆಸಬೇಕು. ಲಸಿಕೆಗಳೆಲ್ಲ ಮುಗಿಯುವ ತನಕ ಬೀದಿಯ ನೆಲ ಬೇಡವೆಂದು ವೈದ್ಯರು ಹೇಳಿದ್ದರಿಂದ ಹಿತ್ತಲೇ ಗತಿ. ಸೂರ್ಯಾಸ್ತದೊಳಗೆ ಉಣ್ಣುವ ಮನೆಯ ಪದ್ಧತಿ ಮಾತ್ರ ಇಲ್ಲಿ ಅನುಕೂಲವಾಯಿತು. ಮರಿಯ ಕೊನೆಯ ಊಟವೂ ಆಗಲೇ ಮುಗಿದು, ಮಲಗುವಷ್ಟರಲ್ಲಿ ಹೊಟ್ಟೆ ಹಗುರವಾಗುತ್ತಿತ್ತು.

ಆ ಅನುಕೂಲವನ್ನು ಕಂಡು ಹಿರಿಯರು ಸಂಜೆಯ ಬಳಿಕ ನೀರನ್ನೂ ನಿಲ್ಲಿಸಿದರೆ ಹೇಗೆಂದು ಯೋಚಿಸಿದರು. ಮಲಗುವ ಮುಂಚೆ ಸ್ವಲ್ಪ ಹೊತ್ತು ಬಟ್ಟಲನ್ನು ಎತ್ತಿಡುವ ರೂಢಿ ಸಾಕುವವರಲ್ಲಿ ಉಂಟು. ಆದರೆ ಅವರ ಮನಸ್ಸಿನಲ್ಲಿದ್ದದ್ದು ಇಡೀ ರಾತ್ರಿ. ಸೊಸೆ ಬಟ್ಟಲನ್ನು ಮತ್ತೆ ತುಂಬಿಸಿ ಇಟ್ಟಳು. ‘ಮಾವ, ರಾತ್ರಿ ನೀರು ಬಿಟ್ಟವರು ನೀವು. ಮರಿ ಯಾವ ಮುನಿಗಳ ಹತ್ತಿರ ವ್ರತ ತಗೊಂಡಿದೆ?’ ಎಂದಳು. ವ್ರತವು ತೆಗೆದುಕೊಂಡವನ ಮೈಮೇಲೆ ಇರತಕ್ಕದ್ದು. ಅದನ್ನು ಆಶ್ರಿತರ ಮೇಲೆ ಹೊರಿಸಿದಾಗ ಅದು ಹೆಸರು ಬದಲಿಸಿಕೊಳ್ಳುತ್ತದೆ. ಆ ರಾತ್ರಿಯಿಂದ ನಡುರಾತ್ರಿಯಲ್ಲೊಮ್ಮೆ ಎದ್ದು ಮರಿಯನ್ನು ಹೊರಗೊಯ್ಯುವ ಪಾಳಿಯನ್ನು ಹಿರಿಯರೇ ವಹಿಸಿಕೊಂಡರು.

ಶೌಚದ ಜಾಗವನ್ನು ಆರಿಸುವಾಗ ಅವರಿಗೆ ಮುನಿಗಳ ಉತ್ಸರ್ಗ ಸಮಿತಿ ನೆನಪಾಯಿತು. ಜೀವಜಂತುಗಳಿಲ್ಲದ ನೆಲವನ್ನು ನೋಡಿ ಮಲಮೂತ್ರ ವಿಸರ್ಜಿಸಬೇಕೆಂಬ ನಿಯಮ ಮುನಿಗಳಿಗೆ ಹೇಳಿದ್ದು ನಿಜ. ಇರುವೆಸಾಲಿನ ಮೇಲೆ ಮರಿಯನ್ನು ನಿಲ್ಲಿಸಬಾರದೆಂಬ ಎಚ್ಚರ ಗೃಹಸ್ಥನಿಗೂ ಇರಬಹುದಷ್ಟೆ. ಮಳೆಗಾಲದಲ್ಲಿ ಹಸಿ ಹುಲ್ಲಿನಲ್ಲೆಲ್ಲ ಹುಳುಹುಪ್ಪಟೆ ತುಂಬುವುದರಿಂದ ತಗಡಿನ ಮಾಡಿನ ಕೆಳಗೆ ಮರಳು ಹರಡಿದ ಒಂದು ತಟ್ಟೆಯನ್ನು ಮಾಡಿಸಿದರು. ಮಲವನ್ನು ಆಗಾಗಲೇ ತೆಗೆಯುವುದು ತಮ್ಮದೇ ಕೆಲಸವೆಂದರು. ಮನೆಗೆಲಸದವಳಿಗೆ ಬಿಡಲಿಲ್ಲ.

ಫಿನಾಯಿಲ್ ನಿಂತಿತು. ಅದರ ವಾಸನೆ ಮನುಷ್ಯನ ಮೂಗನ್ನು ಮೋಸಗೊಳಿಸುತ್ತದೆಯೇ ಹೊರತು ನಾಯಿಯದನ್ನಲ್ಲ. ನೆಲ ನೆಕ್ಕುವ ಮರಿಗೆ ಅದು ವಿಷವೂ ಹೌದು. ಆ ವರ್ಷದ ಜುಲೈನಲ್ಲಿ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಭಾಗದಲ್ಲಿ ನಡೆದ ಕೊಲೆಯೊಂದರ ಜಾಡು ಹಿಡಿದು ದಾವಣಗೆರೆಯ ಪೊಲೀಸ್ ನಾಯಿ ತುಂಗಾ-2 ರಾತ್ರಿಯ ಮಳೆಯಲ್ಲಿಯೇ ಸುಮಾರು 8 ಕಿಲೋಮೀಟರ್ ಓಡಿ ಆರೋಪಿಯ ಮನೆ ಮುಟ್ಟಿತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಅಂಥ ಮೂಗಿನ ಜಾತಿಗೆ ನಿನ್ನೆಯ ಮೂತ್ರದ ಮೂಲೆ ಗೊತ್ತಾಗದೆ ಇದ್ದೀತೆ? ಒದ್ದೆಯನ್ನು ಬಟ್ಟೆಯಿಂದ ಹೀರಿಸಿ, ನೀರಿನಿಂದ ತೊಳೆದು, ವಾಸನೆಯ ಮೂಲವನ್ನೇ ಒಡೆಯುವ ಕಿಣ್ವದ ದ್ರಾವಣ ಹಚ್ಚಿದ ಮೇಲೆ ಅಕ್ಕಿಮೂಟೆಯ ಹಿಂದಿನ ಜಾಗ ಮರಿಗೆ ಮರೆತುಹೋಯಿತು.

ನಡುವೆ ಮಗ ಒಂದು ಸಲಹೆ ತಂದಿದ್ದ. ಚನ್ನಗಿರಿಯ ಹತ್ತಿರ ಅವರದೊಂದು ಅಡಿಕೆ ತೋಟವಿದೆ. ಮರಿಯನ್ನು ಅಲ್ಲಿ ಕಟ್ಟಿಬಿಟ್ಟರೆ ಮನೆಯ ತೊಂದರೆಯೂ ತಪ್ಪಿತು, ತೋಟಕ್ಕೆ ಕಾವಲೂ ಆಯಿತು ಎಂದು. ಚಿರತೆಯ ಭಯವಿರುವ ಕಡೆ ಅಂಗೈಯಗಲದ ಜೀವವನ್ನು ಕಟ್ಟುವುದು ಕಾವಲಲ್ಲ, ಎರೆ ಎಂದು ಹಿರಿಯರು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದರು.

ಆಗಸ್ಟ್ ಮುಗಿಯುವ ಹೊತ್ತಿಗೆ ಒಳಗೆ ಒದ್ದೆಯಾಗುವುದು ವಾರಕ್ಕೊಮ್ಮೆ ಎಂಬಷ್ಟಕ್ಕೆ ಇಳಿಯಿತು, ಬಳಿಕ ತಿಂಗಳಿಗೊಮ್ಮೆ. ಸಣ್ಣ ತಳಿಗಳಿಗೆ ಇನ್ನೂ ಹೆಚ್ಚು ಕಾಲ ಬೇಕಾಗುವುದೂ ಉಂಟು. ಆದರೆ ಹಿರಿಯರು ಕೈ ಎತ್ತಿದಾಗ, ಅದು ಪುಸ್ತಕ ತೆಗೆಯಲೆಂದು ಎತ್ತಿದ ಕೈಯಾದರೂ, ಮರಿ ಈಗಲೂ ಒಮ್ಮೆ ನೆಲಕ್ಕೆ ಒತ್ತಿಕೊಳ್ಳುತ್ತದೆ. ಆಮೇಲೆ ಬಾಲ ಆಡಿಸುತ್ತದೆ.

ದಶಲಕ್ಷಣ ಪರ್ವದ ಮುನ್ನಾದಿನ ಹಿರಿಯರು ಪಂಜರದ ಬಾಗಿಲನ್ನು ಕೀಲಿನಿಂದ ಬಿಡಿಸಿ ಅಟ್ಟಕ್ಕೆ ಹಾಕಿದರು. ಮರಿ ಅದರೊಳಗೆ ಹಳೆಯ ಸೀರೆಯ ಮೇಲೆ ಮಲಗಿತ್ತು. ಸದ್ದಿಗೆ ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಂಡಿತು. ಬೆಳಗಿನ ಜಾವ ಮಳೆ ಹಿಡಿದಿತ್ತು. ಹಿರಿಯರು ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಟಾರ್ಚು ಹಿಡಿದು ಮರಳಿನ ತಟ್ಟೆಯನ್ನು ಬಗ್ಗಿ ನೋಡಿ, ದಾರಿ ತಪ್ಪಿ ಬಂದಿದ್ದ ಒಂದು ಎರೆಹುಳುವನ್ನು ಎಲೆಯ ಮೇಲೆತ್ತಿ ಆಚೆಗಿಟ್ಟ ಮೇಲೆ ಮರಿಯನ್ನು ಇಳಿಸಿದರು.