ಗುಂಡ ತುಪ್ಪಟ ಕಳಚುವ ಕಾಲ

ಏಪ್ರಿಲ್ ಮೊದಲ ಶನಿವಾರ, ಬೆಳಗಿನ ಒಂಬತ್ತು ಗಂಟೆ. ಲಂಡನ್ನಿನ ಗ್ರೀನ್‌ಫರ್ಡ್‌ನ ಸಾಲುಮನೆಯೊಂದರ ಹಿತ್ತಲಲ್ಲಿ ಬಿಸಿಲಿದೆ, ಆದರೆ ಬೆಚ್ಚಗಿಲ್ಲ. ಹಳೇ ಬೆಡ್‌ಶೀಟಿನ ಮೇಲೆ ಗುಂಡ ಮಗ್ಗುಲಾಗಿ ಮಲಗಿದ್ದಾನೆ. ಸಮೊಯೆಡ್ ತಳಿ; ಕಣ್ಣು, ಮೂಗು, ತುಟಿಯಂಚು ಬಿಟ್ಟರೆ ಉಳಿದದ್ದೆಲ್ಲ ಬಿಳಿ. ತೊಡೆಯ ಹಿಂಭಾಗದಲ್ಲಿ ತುಪ್ಪಟ ಗುಪ್ಪೆಗುಪ್ಪೆಯಾಗಿ ಮೇಲೆದ್ದಿದೆ. ಒಂದು ಗುಪ್ಪೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಬಂದೇ ಬಿಟ್ಟಿತು. ಅವನಿಗೆ ಗೊತ್ತೂ ಆಗಲಿಲ್ಲ.

"ಅಯ್ಯೋ, ಇದೇನೇ ರೋಗ ಇವನಿಗೆ?" ಮೈಸೂರಿಂದ ಮಗಳ ಮನೆಗೆ ಬಂದಿರುವ ಅಮ್ಮ ಬಾಗಿಲಲ್ಲೇ ನಿಂತಿದ್ದಾರೆ, ಕಾಫಿ ಲೋಟಕ್ಕೆ ಅಂಗೈ ಮುಚ್ಚಿಕೊಂಡು.

"ರೋಗ ಅಲ್ಲಮ್ಮ. ವರ್ಷಾ ವರ್ಷ ಹೀಗೇನೇ."

ಡಿಸೆಂಬರಿನಲ್ಲಿ 8 ಗಂಟೆಯೂ ತುಂಬದ ಲಂಡನ್ನಿನ ಹಗಲು ಈಗ 13 ಗಂಟೆ ಮುಟ್ಟಿದೆ. ಚಳಿ ಹೋಯಿತೋ ಇಲ್ಲವೋ ಅನ್ನುವುದಕ್ಕಿಂತ ಹಗಲು ಎಷ್ಟು ಬೆಳೆಯಿತು ಎಂಬುದನ್ನೇ ನಾಯಿಯ ಮೈ ಲೆಕ್ಕ ಹಿಡಿಯುತ್ತದೆ. ನಡುರಾತ್ರಿವರೆಗೆ ದೀಪ ಉರಿಯುವ ಮನೆಯೊಳಗೆ ಈ ಲೆಕ್ಕ ಎಡವಟ್ಟಾಗಿ ವರ್ಷವಿಡೀ ಅಷ್ಟಿಷ್ಟು ಉದುರುವುದೂ ಉಂಟು. ಇಷ್ಟೊಂದು ತುಪ್ಪಟ ಸುಮ್ಮನೆ ಬಂದದ್ದಲ್ಲ: ಸೈಬೀರಿಯಾದ ಹಿಮದಲ್ಲಿ ಹಿಮಸಾರಂಗ ಕಾಯುತ್ತಿದ್ದವರ ನಾಯಿ ಸಮೊಯೆಡ್. 1889ರಲ್ಲಿ ಅರ್ನೆಸ್ಟ್ ಕಿಲ್ಬರ್ನ್ ಸ್ಕಾಟ್ ಎಂಬಾತ ರಷ್ಯಾದ ಆರ್ಖಾಂಗೆಲ್ಸ್ಕ್‌ನಿಂದ ಒಂದು ಮರಿಯನ್ನು ಇಂಗ್ಲೆಂಡಿಗೆ ತಂದ ಮೇಲೆ ಇಲ್ಲಿ ತಳಿ ಬೆಳೆಯಿತು.

ಮಗಳು ಮಂಡಿಯೂರುತ್ತಾಳೆ. ಎಡಗೈಯಿಂದ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿದು, ಕೆಳಗೆ ಬೈತಲೆಯಷ್ಟು ಸಣ್ಣ ಗೆರೆ ಬಿಡುತ್ತಾಳೆ. ಬಗ್ಗಿ ನೋಡಿ: ತಳದಲ್ಲಿ ನಸುಗೆಂಪು ಚರ್ಮ, ಅದನ್ನು ಹೊದ್ದಂತೆ ಒತ್ತಾದ ಮೆತ್ತನೆ ಒಳಗೂದಲು, ಅದರ ನಡುವಿಂದ ಒರಟಾಗಿ ನೆಟ್ಟಗೆ ಎದ್ದ ಹೊರಗೂದಲು. ಉದುರುತ್ತಿರುವುದು ಹೆಚ್ಚಾಗಿ ಒಳಗಿನದು. ತಂತಿ ಹಲ್ಲಿನ ಸ್ಲಿಕರ್ ಬ್ರಷ್ಷನ್ನು ಆ ಗೆರೆಯಿಂದ ಹೊರಕ್ಕೆ ಎಳೆದರೆ ಸರ್ ಸರ್ ಸದ್ದು. ಒಂದು ಗೆರೆ ಮುಗಿದರೆ ಬೆರಳಗಲ ಮೇಲೆ ಇನ್ನೊಂದು. ಬರೀ ಮೇಲೆ ಮೇಲೆ ಸವರಿದರೆ ನಾಯಿ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಒಳಗೆ ಎಲ್ಲ ಜಡೆಗಟ್ಟಿರುತ್ತದೆ. ಕಿವಿಯ ಹಿಂದೆ ಅಂಥದ್ದೊಂದು ಗಂಟು ಸಿಕ್ಕಿತು. ಅವಳು ಬುಡವನ್ನು ಒತ್ತಿ ಹಿಡಿದು, ತುದಿಯಿಂದ ಎಳೆ ಎಳೆಯಾಗಿ ಬಿಡಿಸುತ್ತಾಳೆ. ಸ್ನಾನ ಇದಾದ ಮೇಲೆಯೇ. ನೀರು ಬಿದ್ದರೆ ಗಂಟು ಇನ್ನೂ ಬಿಗಿಯುತ್ತದೆ.

"ಒಂದೇ ಸಲ ಬೋಳಿಸಿಬಿಡಬಾರದೇನೇ? ಚಳ್ಳಕೆರೆ ಕಡೆ ಕುರಿಗೆ ಮಾಡಲ್ವಾ?"

"ಕುರಿ ಉಣ್ಣೆ ಬೆಳೀತಾನೇ ಇರುತ್ತಮ್ಮ. ಇವನದ್ದು ಹಾಗಲ್ಲ. ಬೋಳಿಸಿದರೆ ಒಳಗೂದಲು ಬೇಗ ಬರುತ್ತೆ, ಹೊರಗೂದಲು ಹಿಂದೆ ಬೀಳುತ್ತೆ. ಆಮೇಲೆ ಬಿಸಿಲು ಸೀದಾ ಚರ್ಮಕ್ಕೆ."

ಬೇಸಿಗೆ ಬಂತೆಂದು ಬೆಂಗಳೂರಿನಲ್ಲಿ ಇಂಥದ್ದೇ ತುಪ್ಪಟದ ಹಸ್ಕಿ ನಾಯಿಗಳನ್ನು ಬೋಳಿಸುವವರು ಈ ಮಾತನ್ನು ಕೇಳಿಸಿಕೊಂಡರೆ ಒಳ್ಳೆಯದು.

ತಮ್ಮ ತುಪ್ಪಟ ತಾವೇ ಬಾಚಿಕೊಳ್ಳುವ ಪ್ರಾಣಿಗಳೂ ಉಂಟು. ಗ್ರೀನ್‌ಫರ್ಡ್‌ನದೇ ಪ್ಯಾರಡೈಸ್ ಫೀಲ್ಡ್ಸ್‌ಗೆ 2023ರ ಅಕ್ಟೋಬರಿನಲ್ಲಿ ಬೀವರ್‌ಗಳ ಕುಟುಂಬವೊಂದನ್ನು ತಂದು ಬಿಟ್ಟರು. ಅವುಗಳದ್ದೂ ದಟ್ಟ ತುಪ್ಪಟವೇ. ಹೆಚ್ಚಾಗಿ ಅದರ ಆಸೆಗೆ ಸುಮಾರು 400 ವರ್ಷಗಳ ಹಿಂದೆ ಬ್ರಿಟನ್ನಿನಲ್ಲಿ ಅವನ್ನು ಬೇಟೆಯಾಡಿ ಮುಗಿಸಿದ್ದರು. ಬೀವರ್‌ನ ಹಿಂಗಾಲಿನ ಎರಡನೇ ಬೆರಳಿನ ಉಗುರು ಸೀಳಿರುತ್ತದೆ. ಅದೇ ಅದರ ಬಾಚಣಿಗೆ. ಗುಂಡನಿಗೆ ಆ ಭಾಗ್ಯವಿಲ್ಲ. ಅವನು ಹೊಟ್ಟೆ ಮೇಲೆ ಮಾಡಿ ಮಲಗಿ, ಬ್ರಷ್ ನಿಂತರೆ ಕಾಲಿಂದ ಅವಳ ಮೊಣಕೈ ತಟ್ಟುತ್ತಾನೆ.

ಹತ್ತೂವರೆ. ಪಕ್ಕದಲ್ಲಿ ಇನ್ನೊಂದು ನಾಯಿಯಾಗುವಷ್ಟು ತುಪ್ಪಟ. ಬೇಲಿಯ ಮೇಲೆ ಒಂದು ಬ್ಲೂ ಟಿಟ್ ಹಕ್ಕಿ ಬಂದು ಕೂತಿದೆ, ಹಳದಿ ಎದೆ, ನೀಲಿ ನೆತ್ತಿ. ಗೂಡು ಕಟ್ಟುವ ಸಮಯ. ಅಮ್ಮನಿಗೆ ಕರುಳು ಚುರುಕ್ ಎಂದಿತು. ಒಂದು ಹಿಡಿ ತುಪ್ಪಟ ತೆಗೆದುಕೊಂಡು ಬೇಲಿಯತ್ತ ಹೊರಟೇಬಿಟ್ಟರು.

"ಅಮ್ಮ, ಬೇಡ! ಹೋದ ವಾರ ಚಿಗಟಕ್ಕೆ ಔಷಧಿ ಹಾಕಿದೀನಿ."

ಕುತ್ತಿಗೆಯ ಮೇಲೆ ಹನಿಸುವ ಆ ಔಷಧಿ ಕೂದಲಿಗೆಲ್ಲ ಹರಡಿಕೊಳ್ಳುತ್ತದೆ. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕರು ತುಪ್ಪಟ ಹಾಸಿದ 103 ಟಿಟ್ ಗೂಡುಗಳನ್ನು ಪರೀಕ್ಷಿಸಿ 2025ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೂ ಬಿಡದೆ ಎಲ್ಲದರಲ್ಲೂ ಚಿಗಟದ ಔಷಧಿಗಳಲ್ಲಿ ಬಳಸುವ ಕೀಟನಾಶಕ ಫಿಪ್ರೋನಿಲ್ ಸಿಕ್ಕಿತು. ಕೀಟನಾಶಕ ಹೆಚ್ಚಿದ್ದ ಗೂಡುಗಳಲ್ಲಿ ಒಡೆಯದ ಮೊಟ್ಟೆ, ಸತ್ತ ಮರಿಗಳೂ ಹೆಚ್ಚಿದ್ದವು. ಬೆಳೆಗೆ ಸಿಂಪಡಿಸಲು ಈ ದೇಶದಲ್ಲಿ ಅನುಮತಿಯಿಲ್ಲದ ರಾಸಾಯನಿಕ ಸಾಕುಪ್ರಾಣಿಯ ಮೈಮೇಲೆ ಮಾತ್ರ ಸಲೀಸಾಗಿ ನಡೆಯುತ್ತಿದೆ ಎನ್ನುವುದೇ ವಿಚಿತ್ರ.

ಅಮ್ಮ ಹಿಡಿ ತುಪ್ಪಟವನ್ನು ವಾಪಸು ತಂದರು.

ನಿಮ್ಮ ನಾಯಿಗೂ ಚಿಗಟಕ್ಕೋ ಉಣ್ಣಿಗೋ ಹನಿ ಔಷಧಿ ಹಾಕುತ್ತಿದ್ದರೆ, ಬಾಚಿದ ಕೂದಲನ್ನು ಬೇಲಿಗೂ ಗಿಡಕ್ಕೂ ಸಿಕ್ಕಿಸಬೇಡಿ. ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಸದ ಡಬ್ಬಿಗೆ ಹಾಕಿ.