ಕುರ್ಚಿ ದೊರೆಯಿತು, ಮಾತು ದೊರೆಯಿತೇ?

ಗ್ರಾಮೀಣ ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸುವ ಗುರುಗಳಿಗೆ ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತುವ ಸಂದರ್ಭಗಳು ಆಗಾಗ ಒದಗುತ್ತವೆ. ಸ್ಮಶಾನದ ದಾರಿ, ಶಾಲೆಯ ನೀರು, ಬೀದಿದೀಪ ಹೀಗೆ ಯಾವುದಾದರೊಂದು ಅರ್ಜಿ ಕೈಯಲ್ಲಿರುತ್ತದೆ. ಅಂತಹ ಭೇಟಿಗಳಲ್ಲಿ ಒಂದು ನೋಟವನ್ನು ನಾನು ಹಲವು ಬಾರಿ ಕಂಡಿದ್ದೇನೆ. ಕೇಳಿದ್ದು ಅಧ್ಯಕ್ಷೆಯನ್ನು, ಉತ್ತರಿಸುವುದು ಪಕ್ಕದಲ್ಲಿ ಕುಳಿತ ಪತಿ. ಕಡತ ಆಕೆಯ ಮುಂದೆ ಬರುವುದು ಸಹಿಗಾಗಿ ಮಾತ್ರ.

ಆ ಸ್ಥಾನ ಸುಲಭವಾಗಿ ದೊರೆತದ್ದಲ್ಲ. 1983ರ ಕಾಯಿದೆಯಂತೆ ಕರ್ನಾಟಕದಲ್ಲಿ 1987ರಲ್ಲಿ ನಡೆದ ಪಂಚಾಯತ್ ಚುನಾವಣೆಯಲ್ಲೇ ಮಹಿಳೆಯರಿಗೆ ಶೇ. 25ರಷ್ಟು ಮೀಸಲಾತಿಯಿತ್ತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ದೇಶಕ್ಕೆಲ್ಲ ಕನಿಷ್ಠ ಮೂರನೆಯ ಒಂದು ಭಾಗವನ್ನು ನೀಡಿತು. 2010ರಲ್ಲಿ ನಮ್ಮ ರಾಜ್ಯ ಅದನ್ನು ಅರ್ಧಕ್ಕೇರಿಸಿತು. ಆದರೂ 2023ರ ವಿಧಾನಸಭಾ ಚುನಾವಣೆಯಲ್ಲಿ 224 ಸ್ಥಾನಗಳ ಪೈಕಿ ಮಹಿಳೆಯರು ಗೆದ್ದದ್ದು 10 ಮಾತ್ರ. ಹಳ್ಳಿಯಲ್ಲಿ ಅರ್ಧದಷ್ಟಿದ್ದವರು ರಾಜಧಾನಿಯ ದಾರಿಯಲ್ಲಿ ಎಲ್ಲಿ ಉಳಿದುಹೋದರು?

ಮೊದಲ ತಡೆ ಮನೆಯ ಹೊಸ್ತಿಲಲ್ಲೇ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 289 ನಿಮಿಷ ವ್ಯಯಿಸುತ್ತಾರೆ. ಪುರುಷರು 88 ನಿಮಿಷ. ಪಕ್ಷದ ಸಭೆಗಳೋ ರಾತ್ರಿ ಊಟದ ಹೊತ್ತಿಗೆ ಕಾವೇರುತ್ತವೆ. ಟಿಕೆಟ್ ಯಾರಿಗೆಂಬುದು ಅಲ್ಲಿಯೇ ನಿಶ್ಚಯವಾಗುತ್ತದೆ. ಹಣ, ವಾಹನ, ಬೆಂಬಲಿಗರು ಆಕೆಯ ವಶದಲ್ಲಿರುವುದು ವಿರಳ. ಇನ್ನು ಮೀಸಲಾತಿಯ ಸರದಿ ಬದಲಾದೊಡನೆ, ಕೆಲಸ ಕಲಿತು ಪಳಗಿದವರನ್ನು 'ಇನ್ನು ಸಾಕಮ್ಮಾ' ಎಂದು ಮನೆಗೆ ಕಳುಹಿಸಲಾಗುತ್ತದೆ.

'ಮಹಿಳೆಯರಿಗೇ ಆಸಕ್ತಿಯಿಲ್ಲ' ಎನ್ನುವವರಿದ್ದಾರೆ. ಸ್ವಸಹಾಯ ಸಂಘದ ಲೆಕ್ಕವನ್ನು ಪೈಸೆ ಬಿಡದೆ ಬರೆದಿಡುವ ನಮ್ಮ ತಾಯಂದಿರನ್ನು ಕಂಡಿರುವ ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಕೊರತೆ ಆಸಕ್ತಿಯದಲ್ಲ, ಅವರ ಮಾತಿನ ಮೇಲೆ ನಮಗಿರಬೇಕಾದ ನಂಬಿಕೆಯದು. ಪುನರುತ್ಥಾನದ ಸುದ್ದಿಯನ್ನು ಮೊದಲು ತಂದವರು ಮಗ್ದಲದ ಮರಿಯಳೂ ಆಕೆಯ ಸಂಗಡಿಗರೂ. ಆ ಮಾತನ್ನು ಪ್ರೇಷಿತರೇ ಹುರುಳಿಲ್ಲದ್ದೆಂದು ತಳ್ಳಿಹಾಕಿದರೆಂದು ಸಂತ ಲೂಕರು ಮರೆಮಾಚದೆ ದಾಖಲಿಸಿದ್ದಾರೆ. ಪ್ರಭು ಮಾತ್ರ ಆ ಸಾಕ್ಷ್ಯವನ್ನು ಮಹಿಳೆಯರ ಕೈಗೇ ಒಪ್ಪಿಸಿದ್ದರು.

ಧರ್ಮಸಭೆಯೂ ಈ ಪ್ರಶ್ನೆಯಿಂದ ಹೊರತಲ್ಲ. ಸನ್ಯಸ್ತ ಜೀವನಕ್ಕೆ ಸಂಬಂಧಿಸಿದ ವ್ಯಾಟಿಕನ್ ವಿಭಾಗದ ಮುಖ್ಯಸ್ಥರನ್ನಾಗಿ ಸಿಸ್ಟರ್ ಸಿಮೋನಾ ಬ್ರಾಂಬಿಲ್ಲಾ ಅವರನ್ನು ಪೋಪ್ ಫ್ರಾನ್ಸಿಸ್ ನೇಮಿಸಿದ್ದು 2025ರ ಜನವರಿಯಲ್ಲಿ. ಅಂತಹ ವಿಭಾಗವೊಂದರ ಹೊಣೆ ಮಹಿಳೆಗೆ ದೊರೆತದ್ದು ಅದೇ ಮೊದಲು. ರೋಮಿನಲ್ಲಿ ಬಾಗಿಲು ತೆರೆದಿರುವಾಗ ನಮ್ಮ ಧರ್ಮಕೇಂದ್ರಗಳಲ್ಲಿ? ಧರ್ಮೋಪದೇಶ, ದೇವಾಲಯದ ಶುಚಿತ್ವ, ಹಬ್ಬದ ಅಡುಗೆ ಇವೆಲ್ಲ ಮಹಿಳೆಯರ ಪಾಲು. ಹಣಕಾಸು ಸಮಿತಿ ಬಹುಮಟ್ಟಿಗೆ ಪುರುಷರದು. ಲೆಕ್ಕಪತ್ರ ನೋಡಲು ಗುರುದೀಕ್ಷೆಯಾಗಲಿ ಮೀಸೆಯಾಗಲಿ ಬೇಕಿಲ್ಲವಷ್ಟೆ!

ಪ್ರಿಯ ಕುಟುಂಬಗಳೇ, ಕಾನೂನು ಸ್ಥಾನವನ್ನು ಕೊಡಬಲ್ಲದು. ಸಮಯವನ್ನೂ ನಂಬಿಕೆಯನ್ನೂ ಕೊಡಬೇಕಾದವರು ನಾವು. ಮುಂದಿನ ಪಾಲನಾ ಸಮಿತಿಯ ಸಭೆಯನ್ನು ತಾಯಂದಿರಿಗೆ ಅನುಕೂಲವಾದ ಹೊತ್ತಿನಲ್ಲಿ ಕರೆಯೋಣ. ಆಕೆಯನ್ನು ಕೇಳಿದ ಪ್ರಶ್ನೆಗೆ ಆಕೆಯೇ ಉತ್ತರಿಸುವವರೆಗೆ ಕಾಯೋಣ. ಇಂದು ರಾತ್ರಿ ಊಟದ ಬಳಿಕ ಮಗಳು ಪುಸ್ತಕ ಹಿಡಿದಿರುವಾಗ, ತಟ್ಟೆ ತೊಳೆಯಲು ಮಗನನ್ನೂ ಕರೆಯೋಣ.