ಪೊರಿ ಅಲ್ರೀ, ಬಾವು

ಕಣ್ಣಿನ ಬೇನೆಗಳಲ್ಲೂ ಮೇಲುಕೀಳು ಇದೆ ಎಂಬುದು ನನಗೆ ಗೊತ್ತಾದದ್ದು ಇತ್ತೀಚೆಗೆ. ಎಲ್ಲಕ್ಕಿಂತ ಮೇಲೆ ಕೂತಿರುವುದು ಪೊರೆ. ಅದಕ್ಕೆ ಸಿಗುವ ಮರ್ಯಾದೆ ಉಳಿದ ಯಾವುದಕ್ಕೂ ಇಲ್ಲ. ಕಪ್ಪು ಚಷ್ಮಾ ಹಾಕಿಕೊಂಡು ಅಂಗಳಕ್ಕೆ ಇಳಿದರೆ ಸಾಕು, ಎದುರುಮನೆಯವರಿಂದ ಹಿಡಿದು ಹಾಲಿನವನ ತನಕ ಎಲ್ಲರದೂ ಒಂದೇ ಪ್ರಶ್ನೆ.

"ಯಾಕ್ರೀ ಸರ, ಪೊರಿ ತಗಿಸಿದ್ರೇನು?"

"ಇಲ್ರಿ, ಕಣ್ಣಾಗ ಬಾವು ಬಂದೈತಿ. ಶುಗರ್‌ದಿಂದ."

ಅವರು ಒಂದು ಹೆಜ್ಜೆ ಹತ್ತಿರ ಬಂದು, ರೆಪ್ಪೆ ಊದಿದೆಯೋ, ಕಣ್ಣು ಕೆಂಪಾಗಿದೆಯೋ ಎಂದು ನನ್ನ ಮುಖವನ್ನು ತಪಾಸಣೆ ಮಾಡುತ್ತಾರೆ. ಏನೂ ಸಿಗುವುದಿಲ್ಲ. "ಎಲ್ಲೈತ್ರೀ ಬಾವು? ಛಲೋ ಅದಾವಲ್ರೀ ಕಣ್ಣು!" ಎನ್ನುವಾಗ ಅವರ ದನಿಯಲ್ಲಿ, ರಜೆಗಾಗಿ ಸುಳ್ಳು ಸರ್ಟಿಫಿಕೇಟು ತಂದ ಗುಮಾಸ್ತನನ್ನು ಕಂಡ ಸಾಹೇಬರ ಗುಮಾನಿ ಇರುತ್ತದೆ. ಕೊನೆಗೆ ಬರುವ ಸಲಹೆಯೂ ಒಂದೇ: "ಅದೇನ್ ಬಾವೋ ಏನೋ, ಪೊರಿ ತಗಿಸಿಬಿಡ್ರಿ. ಹತ್ತು ಮಿನಿಟಿನ ಕೆಲಸ."

ಹತ್ತು ಮಿನಿಟಿನ ಕೆಲಸ! ಈ ಮಾತು ಚುಚ್ಚಿದಷ್ಟು ಕಣ್ಣಿನೊಳಗೆ ಹೋದ ಸೂಜಿಯೂ ನನ್ನನ್ನು ಚುಚ್ಚಿಲ್ಲ. ಸೂಜಿಯ ಸುದ್ದಿಗೆ ಆಮೇಲೆ ಬರುತ್ತೇನೆ.

ಅವರದೇನು ತಪ್ಪು ಬಿಡಿ. ನಮ್ಮ ಬಾಗಲಕೋಟೆ, ವಿಜಯಪುರದ ಕಡೆ ಕಣ್ಣು ಎಂದರೆ ಪೊರೆ, ಪೊರೆ ಎಂದರೆ ಡಾ. ಎಂ.ಸಿ. ಮೋದಿ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಈ ಮನುಷ್ಯ ರೋಗಿಗಳು ತಮ್ಮಲ್ಲಿಗೆ ಬರಲಿ ಎಂದು ಕಾಯಲಿಲ್ಲ. ತಾವೇ ಊರೂರಿಗೆ ಹೋಗಿ, ಶಾಲೆಯಲ್ಲೋ ಛತ್ರದಲ್ಲೋ ಶಿಬಿರ ಹಾಕಿ, ಸಾಲಾಗಿ ಮಲಗಿಸಿದವರ ಪೊರೆ ತೆಗೆಯುತ್ತ ಹೋದರು. ದಿನವೊಂದಕ್ಕೆ ನೂರಾರು ಕಣ್ಣು. 1968ರಲ್ಲಿ ಪದ್ಮಭೂಷಣ ಬಂತು, 2005ರಲ್ಲಿ ತೀರಿಕೊಂಡರು. ನಮ್ಮ ಸೀಮೆಯಲ್ಲಿ ಅವರ ಕೈಯಿಂದ ಕಣ್ಣು ಪಡೆದ ಒಬ್ಬ ಅಜ್ಜನೋ ಅಜ್ಜಿಯೋ ಇಲ್ಲದ ಮನೆತನ ಹುಡುಕುವುದು ಕಷ್ಟ.

ನಮ್ಮ ಮನೆಯಲ್ಲಿ ಆ ಭಾಗ್ಯ ಅಜ್ಜಿಯದು. ಕನ್ನಡ ಶಾಲೆಯ ಬೆಂಚುಗಳನ್ನೆಲ್ಲ ಒಂದು ಮೂಲೆಗೆ ಒಟ್ಟಿ, ನೆಲದ ಮೇಲೆ ಚಾಪೆ ಹಾಸಿದ್ದರು. ಕಣ್ಣಿಗೆ ಪಟ್ಟಿ ಕಟ್ಟಿದ ಮುದುಕ ಮುದುಕಿಯರು ಅಲ್ಲಾಡದೆ ಮಲಗಬೇಕು, ಕೆಮ್ಮಬಾರದು, ಜೋರಾಗಿ ನಗಬಾರದು. ಬುತ್ತಿ ತಂದ ಸೊಸೆಯರು ಸಾಲಿನಲ್ಲಿ ತಮ್ಮ ಅತ್ತೆ ಯಾರೆಂದು ಸೀರೆಯ ಅಂಚಿನ ಮೇಲೆ ಗುರುತು ಹಿಡಿಯಬೇಕು, ಮುಖವೆಲ್ಲ ಪಟ್ಟಿಯೇ. ಈಗಿನಂತೆ ಕಣ್ಣೊಳಗೆ ಮಸೂರ ಕೂರಿಸುವ ಪದ್ಧತಿ ಆಗ ಇರಲಿಲ್ಲ. ಪೊರೆ ಕಟ್ಟಿದ ಮಸೂರವನ್ನು ಕಿತ್ತು, ಬದಲಿಗೆ ಅಂಗೈ ಭಾರದ ದಪ್ಪ ಚಷ್ಮಾ ಕೊಡುತ್ತಿದ್ದರು. ಅದರಲ್ಲಿ ಎಲ್ಲವೂ ಇದ್ದುದಕ್ಕಿಂತ ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದೆ. ಅಜ್ಜಿ ನೀರಿನ ತಂಬಿಗೆಗೆ ಕೈ ಚಾಚಿದರೆ ಸಿಗುತ್ತಿದ್ದುದು ಬರೀ ಗಾಳಿ. ತಂಬಿಗೆ ಇನ್ನೊಂದು ಗೇಣು ಆಚೆ ಇರುತ್ತಿತ್ತು.

ಆದರೂ ಚಷ್ಮಾ ಏರಿಸಿಕೊಂಡು ಮನೆಗೆ ಬಂದ ದಿನ ಅವಳು ಮೊದಲು ಮಾಡಿದ ಕೆಲಸ ದೇವರಿಗೆ ಕೈ ಮುಗಿದದ್ದಲ್ಲ. ಪಡಸಾಲೆಯ ನಡುವೆ ನಿಂತು ನಾಲ್ಕೂ ಗೋಡೆ ನೋಡಿದಳು. "ಅಯ್ಯ ಶಿವನ, ಮನಿ ಇಷ್ಟ್ ಹೊಲಸ ಇಟ್ಟೀರೇನ? ಗ್ವಾಡಿಗೆ ಸುಣ್ಣಾ ಕಂಡು ಎಷ್ಟ್ ದಿನ ಆತು?" ಎಂದು ಸೊಸೆಯರ ಮೇಲೆ ಹರಿಹಾಯ್ದಳು. ಆ ಸಂಜೆ ನಮ್ಮವ್ವ ಅಡುಗೆಮನೆಯಲ್ಲಿ ಒಲೆ ಊದುತ್ತ, ಮೋದಿ ಡಾಕ್ಟರ್ ಒಂದು ಕಣ್ಣಿಗೆ ಅಷ್ಟೇ ಮಾಡಿದ್ದರೆ ಸಾಕಾಗಿತ್ತು ಎಂದು ಗೊಣಗಿದ್ದು ನನಗೆ ಚೆನ್ನಾಗಿ ನೆನಪಿದೆ.

ಪೊರೆಯ ಕಥೆ ಎಂದರೆ ಹೀಗೆ. ಕಾಣುತ್ತಿರಲಿಲ್ಲ, ತೆಗೆದರು, ಕಂಡಿತು, ಸೊಸೆಯರಿಗೆ ಬೈಗುಳ ಬಿತ್ತು. ಆದಿ ಇದೆ, ಅಂತ್ಯ ಇದೆ, ನಡುವೆ ಒಬ್ಬ ಮಹಾಪುರುಷನೂ ಇದ್ದಾನೆ. ಜನಕ್ಕೆ ಇಂಥ ಕಥೆ ರುಚಿಸಿದ ಮೇಲೆ, ಮುಗಿಯದ ನನ್ನ ಕಥೆಯನ್ನು ಯಾರು ಕೇಳುತ್ತಾರೆ?

ನನ್ನ ಬೇನೆ ಇರುವುದು ಕಣ್ಣಿನ ಹಿಂಗೋಡೆಯಲ್ಲಿ, ರೆಟಿನಾ ಎಂಬ ಒಳಪರದೆಯ ನಟ್ಟನಡುವೆ. ಮ್ಯಾಕ್ಯುಲಾ ಎನ್ನುವ ಈ ಜಾಗದ ಅಗಲ ಐದೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ಪೇಪರ್ ಓದುವುದು, ಸೂಜಿಗೆ ದಾರ ಪೋಣಿಸುವುದು, ಎದುರಿಗೆ ಬಂದವರ ಗುರುತು ಹಿಡಿಯುವುದು ಎಲ್ಲ ಅಲ್ಲಿಂದಲೇ. ಸಕ್ಕರೆ ವರ್ಷಗಟ್ಟಲೆ ಏರಿ ನಿಂತರೆ ಅಲ್ಲಿನ ಎಳೆಯಂಥ ರಕ್ತನಾಳಗಳ ಗೋಡೆ ಸಡಿಲಾಗಿ ನೀರು ಜಿನುಗುತ್ತದೆ. ಮಾಳಿಗೆ ಮನೆಯ ಗೋಡೆಯೊಳಗೆ ಮಳೆನೀರು ಇಳಿದು ಗಿಲಾವು ಉಬ್ಬುತ್ತದಲ್ಲ, ಹಾಗೆ. ಹೊರಗೆ ನಿಂತು ನೋಡಿದ ಹಾಲಿನವನಿಗೆ ಅದು ಕಾಣುವುದಾದರೂ ಹೇಗೆ? ಓಸಿಟಿ ಯಂತ್ರಕ್ಕೆ ಮಾತ್ರ ಕಾಣುತ್ತದೆ. ಗದ್ದ ಊರಿ ಕೂತರೆ ಬೆಳಕಿನಿಂದಲೇ ಪರದೆಯನ್ನು ಪದರು ಪದರಾಗಿ ಬಿಡಿಸಿ ಚಿತ್ರ ಕೊಡುವ ಯಂತ್ರ ಅದು. ಸರಿಯಿದ್ದವರ ಚಿತ್ರದಲ್ಲಿ ಆ ನಡುಭಾಗ ಒಂದು ಪುಟ್ಟ ತಗ್ಗು. ನನ್ನ ಚಿತ್ರದಲ್ಲಿ ತಗ್ಗಿರಬೇಕಾದ ಕಡೆ ದಿನ್ನೆ ಎದ್ದಿತ್ತು. ಕಾಲು ಮಿಲಿಮೀಟರ್ ಆಸುಪಾಸು, ಎಂದರೆ 250 ಮೈಕ್ರಾನ್ ಸುತ್ತಮುತ್ತ ಇರಬೇಕಾದ ದಪ್ಪ 400ರ ಗಡಿ ದಾಟಿತ್ತು.

ನೋವು? ಒಂದು ಚೂರೂ ಇಲ್ಲ. ಈ ಬೇನೆಯ ಕುಟಿಲತನವೇ ಅದು. ಒಂದು ಕಣ್ಣು ಕೈಕೊಟ್ಟರೆ ಇನ್ನೊಂದು ಕಣ್ಣು ತುಟಿಪಿಟಕ್ಕೆನ್ನದೆ ಅದರ ಕೆಲಸವನ್ನೂ ಮಾಡಿಕೊಂಡು ಹೋಗುತ್ತದೆ. ಮನುಷ್ಯನಿಗೆ ಸುಳಿವೇ ಹತ್ತುವುದಿಲ್ಲ. ಬಲಗಣ್ಣು ಮುಚ್ಚಿ ನೋಡಿದರೆ ಗೊತ್ತಾಗುತ್ತದೆ: ಬಾಗಿಲ ಚೌಕಟ್ಟು ನಡುವಿನಲ್ಲಿ ಸೊಟ್ಟಗಾಗಿದೆ, ಟ್ಯೂಬ್‌ಲೈಟಿಗೆ ಗೂನು ಬಂದಿದೆ. ಪೇಪರಿನಲ್ಲಂತೂ ಮೊದಲು ಮಾಯವಾಗುವುದು ಒತ್ತಕ್ಷರಗಳು. ಮುಖ್ಯಮಂತ್ರಿಗಳು ಮುಖಮಂತಿಯಾಗಿ ಹೇಳಿಕೆ ಕೊಡುತ್ತಿರುತ್ತಾರೆ. ಪ ಯಾವುದು, ಷ ಯಾವುದು ಎಂಬುದು ಸಂದರ್ಭ ನೋಡಿ ಊಹಿಸಬೇಕಾದ ಸಂಗತಿ. ಡಾಕ್ಟರು ಚೌಕುಳಿ ಗೆರೆಗಳ ಒಂದು ಹಾಳೆ ಕೊಟ್ಟು ಫ್ರಿಜ್ಜಿಗೆ ಅಂಟಿಸಲು ಹೇಳಿದ್ದಾರೆ. ಆಮ್ಸ್ಲರ್ ಎಂಬ ಸ್ವಿಸ್ ವೈದ್ಯರ ಹೆಸರಿನ ಹಾಳೆ ಅದು. ದಿನಾ ಒಂದೊಂದೇ ಕಣ್ಣು ಮುಚ್ಚಿ ನಡುವಿನ ಚುಕ್ಕೆ ನೋಡಬೇಕು, ಗೆರೆ ಬಾಗಿದರೆ ಫೋನ್ ಮಾಡಬೇಕು. ನಾನು ಹಾಗೆ ನಿಂತಾಗಲೆಲ್ಲ ಮನೆಯಾಕೆ, "ಫ್ರಿಜ್ಜಿನಾಗ ಏನೂ ಇಟ್ಟಿಲ್ಲ, ಸರೀರಿ" ಎನ್ನುತ್ತಾಳೆ.

ಇದಕ್ಕಿಂತ ದೊಡ್ಡ ಪೇಚು ಗ್ಲೂಕೋಮೀಟರಿನದು. ಸಕ್ಕರೆ ನೋಡಿಕೊಳ್ಳಿ ಎಂದು ಯಂತ್ರ ಕೊಟ್ಟಿದ್ದಾರೆ. ಅದರ ಅಂಕಿ ಓದುವ ಕಣ್ಣನ್ನು ಅದೇ ಸಕ್ಕರೆ ಒಯ್ದಿದೆ. 136ಓ 186ಓ ನನಗೆ ತಿಳಿಯದು. ಹಾಗಾಗಿ ಓದುವ ಜವಾಬ್ದಾರಿ ಮೊಮ್ಮಗನ ಪಾಲಿಗೆ ಬಂತು. ಅವನು ಕ್ರಿಕೆಟ್ ಸ್ಕೋರು ಕೂಗುವ ಹುಡುಗ. "ಅಜ್ಜಾ, ಟೂ ಹಂಡ್ರೆಡ್ ಟ್ವೆಲ್ವ್!" ಎಂಬ ಘೋಷಣೆ ಅಡುಗೆಮನೆ ದಾಟಿ ಎದುರುಮನೆ ಮುಟ್ಟುತ್ತದೆ. ಸಂಸಾರದಲ್ಲಿ ನನ್ನದೆಂದು ಉಳಿದಿದ್ದ ಒಂದೇ ಒಂದು ಗುಟ್ಟೂ ಹೀಗೆ ಹೋಯಿತು. ಅದರಿಂದ ಸಕ್ಕರೆ ಇಳಿಯಿತು ಎಂಬುದನ್ನು ಮಾತ್ರ ಒಪ್ಪಬೇಕು. ಲೈನ್ ಬಜಾರಿನ ಪೇಢೆಯನ್ನು ಜೇಬಿನಲ್ಲಿ ತಂದು ತಿಂದರೂ ಮರುದಿನ ಸ್ಕೋರ್‌ಬೋರ್ಡಿನಲ್ಲಿ ಕಾಣುತ್ತದೆಂದ ಮೇಲೆ ತಿನ್ನುವುದರಲ್ಲಿ ಸುಖವೇ ಇಲ್ಲ.

ಬೆಳಗಿನ ವಾಕಿಂಗಿನ ನಮ್ಮ ಬಳಗ ಈ ವಿಷಯದಲ್ಲಿ ಭಾರಿ ಜಾಣರದು. ಫಾಸ್ಟಿಂಗ್ ಎಷ್ಟು, ಪಿಪಿ ಎಷ್ಟು ಎಂಬುದೇ ಅಲ್ಲಿ ನಮಸ್ಕಾರ, ಪ್ರತಿನಮಸ್ಕಾರ. ಲ್ಯಾಬಿಗೆ ರಕ್ತ ಕೊಡುವ ಎರಡು ದಿನ ಮೊದಲೇ ಅವರಿಗೆ ವೈರಾಗ್ಯ ಬರುತ್ತದೆ. ಅನ್ನ ಬಿಟ್ಟರು, ಮೆಂತ್ಯದ ನೀರು ಕುಡಿದರು, ಕೆರೆಗೆ ಎರಡು ಸುತ್ತು ಹೆಚ್ಚು ಹಾಕಿದರು. ಫಾಸ್ಟಿಂಗ್ 110 ಬಂದ ದಿನ ಲ್ಯಾಬಿನಿಂದ ನೇರ ಮಿರ್ಚಿ, ಗಿರ್ಮಿಟ್ಟು. ಇವರ ಆಟವನ್ನೆಲ್ಲ ಕೆಡಿಸಲು ಹುಟ್ಟಿದ್ದು ಎಚ್‌ಬಿಎ1ಸಿ. ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಬದುಕಿದಷ್ಟು ದಿನ ಅದಕ್ಕೆ ಸಕ್ಕರೆ ಅಂಟುತ್ತಲೇ ಇರುತ್ತದೆ. ಎರಡು ದಿನದ ವೈರಾಗ್ಯಕ್ಕೆಲ್ಲ ಅದು ಮರುಳಾಗುವುದಿಲ್ಲ, ಮೂರು ತಿಂಗಳ ಲೆಕ್ಕ ಬಿಚ್ಚಿಡುತ್ತದೆ. ಹಿಂದಿನ ತಿಂಗಳ ಮದುವೆಯ ಹೋಳಿಗೆಯೂ ಅದರಲ್ಲಿ ಜಮೆಯಾಗಿರುತ್ತದೆ.

ಇನ್ನು ರೊಟ್ಟಿಯ ಭಕ್ತರದೊಂದು ಪಂಥ. "ಜ್ವಾಳದ ರೊಟ್ಟಿ ತಿನ್ನವ್ರಿಗೆ ಶುಗರ್ ಬರಂಗಿಲ್ರೀ." ಹಾಗಾದರೆ ನಾನೇನು ಇಷ್ಟು ವರ್ಷ ಕೇಕು ತಿಂದು ಬದುಕಿದೆನೇ? ಜೋಳವಾಗಲಿ, ದಕ್ಷಿಣದವರ ರಾಗಿಯಾಗಲಿ, ಮೂರರಲ್ಲಿ ಎರಡು ಪಾಲು ಪಿಷ್ಟವೇ. ಎಷ್ಟು ತಿಂದಿರಿ, ಜೊತೆಗೆ ಪಲ್ಯ, ಕಾಳು ಎಷ್ಟಿತ್ತು ಎಂಬುದು ಮುಖ್ಯ. ಹೊಲದಲ್ಲಿ ದಿನವಿಡೀ ದುಡಿದವರು ತಿಂದ ನಾಲ್ಕು ರೊಟ್ಟಿಯೂ ಟಿವಿ ಮುಂದೆ ಕೂತವನ ನಾಲ್ಕು ರೊಟ್ಟಿಯೂ ಒಂದೇ ಅಲ್ಲ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರ ಬಗ್ಗೆ ಮಾತಾಡುವುದೇ ಬೇಡ. ರಕ್ತಕ್ಕೆ ಇಳಿದ ಮೇಲೆ ಎರಡಕ್ಕೂ ಒಂದೇ ಜಾತಿ.

ನನಗೆ ನಿಜವಾಗಿ ಸಿಟ್ಟು ಬರುವುದು ಇನ್ನೊಂದು ತರದವರ ಮೇಲೆ, ವರ್ಷಗಟ್ಟಲೆ ಬಿಟ್ಟ ಸಕ್ಕರೆಯನ್ನು ಒಂದೇ ತಿಂಗಳಲ್ಲಿ ನೆಲಕ್ಕೆ ಕೆಡವುತ್ತೇನೆಂದು ಉಪವಾಸ ಕೂರುವ ಶೂರರ ಮೇಲೆ. ಇಳಿಸಬೇಕು, ಅನುಮಾನವಿಲ್ಲ. ಇಪ್ಪತ್ತು ವರ್ಷ ನಡೆದು 1998ರಲ್ಲಿ ಹೊರಬಂದ ಬ್ರಿಟನ್ನಿನ ದೊಡ್ಡ ಅಧ್ಯಯನದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹಿಡಿದವರಿಗೆ ಕಣ್ಣು, ಕಿಡ್ನಿಯ ಸಣ್ಣ ರಕ್ತನಾಳಗಳ ತೊಂದರೆ ಕಾಲುಭಾಗ ಕಡಿಮೆಯಾಗಿತ್ತು. ಆದರೆ ಬಹಳ ಕಾಲ ಏರಿದ್ದ ಸಕ್ಕರೆ ದಿಢೀರೆಂದು ಇಳಿದರೆ ಕಣ್ಣಿನ ಸ್ಥಿತಿ ಸ್ವಲ್ಪ ಕಾಲ ಕೆಡುವುದೂ ಉಂಟು. ಇದೂ ವೈದ್ಯರಿಗೆ ಗೊತ್ತಿರುವ ಸಂಗತಿಯೇ. ಹಾಗಾಗಿ ಔಷಧ ಬದಲಾಯಿಸುವ ಮೊದಲು ಸಕ್ಕರೆ ಡಾಕ್ಟರಿಗೆ ಕಣ್ಣಿನ ವಿಷಯ ಹೇಳಬೇಕು. ಪಯೋಗ್ಲಿಟಜೋನ್ ಎಂಬ ಮಾತ್ರೆ ಮೈಯಲ್ಲಿ ನೀರು ನಿಲ್ಲಿಸುತ್ತದೆ, ಕಣ್ಣಿನ ಬಾವನ್ನೂ ಹೆಚ್ಚಿಸಬಹುದು. ಬಿಪಿ ಏರಿದರೂ ಅದೇ ಕಥೆ. ಕಣ್ಣಿನ ಡಾಕ್ಟರು ಒಂದು ಬೀದಿಯಲ್ಲಿ, ಸಕ್ಕರೆ ಡಾಕ್ಟರು ಇನ್ನೊಂದು ಬೀದಿಯಲ್ಲಿ. ಇಬ್ಬರ ನಡುವೆ ಫೈಲು ಹೊತ್ತು ಓಡಾಡುವ ಜವಾನ ನಾನೇ.

ಸೂಜಿಯ ಮಾತು ಬಾಕಿ ಇತ್ತು. ಕಣ್ಣಿಗೆ ಇಂಜೆಕ್ಷನ್ ಎಂದರೆ ಗಟ್ಟಿಗರ ಕಾಲೂ ನಡುಗುತ್ತವೆ. ಮರಗಟ್ಟಿಸುವ ಹನಿ ಹಾಕುತ್ತಾರೆ, ಕಂದು ಬಣ್ಣದ ಅಯೋಡಿನ್ ದ್ರಾವಣದಿಂದ ತೊಳೆಯುತ್ತಾರೆ, ರೆಪ್ಪೆ ಮುಚ್ಚದಂತೆ ಕ್ಲಿಪ್ ಇಡುತ್ತಾರೆ. "ಕೆಳಗ ನೋಡ್ರಿ" ಎನ್ನುತ್ತಾರೆ. ಬಿಳಿಗುಡ್ಡೆಯಲ್ಲಿ ಒಂದು ಒತ್ತಡ, ಅಷ್ಟೇ. ಒಳಗೆ ಹೋದ ಔಷಧ 0.05 ಮಿಲಿಲೀಟರ್, ಒಂದು ಹನಿಯಷ್ಟು. ಅದು ಕಣ್ಣೊಳಗೆ ಸುರುಳಿ ಸುರುಳಿಯಾಗಿ ಹರಡುವುದನ್ನು ಒಳಗಿನಿಂದಲೇ ನೋಡಬಹುದು, ಟಿಕೆಟ್ಟಿಲ್ಲದ ಸಿನಿಮಾ. ರಾತ್ರಿ ಕಣ್ಣಲ್ಲಿ ಉಸುಕು ಬಿದ್ದಂತಾಗುತ್ತದೆ. ಅದು ಹೆಚ್ಚಾಗಿ ಅಯೋಡಿನ್ನಿನ ಉಪದ್ರವ, ಬೆಳಗಾಗುವುದರಲ್ಲಿ ಇಳಿಯುತ್ತದೆ. ನೋವು ಏರಿದರೆ, ದೃಷ್ಟಿ ಮಂಜಾದರೆ ಮಾತ್ರ ಬೆಳಗಾಗಲಿ ಎಂದು ಕಾಯಬಾರದು, ಆಗಲೇ ಹೋಗಬೇಕು.

ತಮಾಷೆಯೆಂದರೆ ಈ ಔಷಧಗಳಲ್ಲಿ ಒಂದು, ಬೆವಾಸಿಜುಮಾಬ್, ಮೊದಲು ಬಂದದ್ದು ಕರುಳಿನ ಕ್ಯಾನ್ಸರಿಗೆ, 2004ರಲ್ಲಿ. ನಾಳಗಳು ಸೋರುವಂತೆ, ಹೊಸ ನಾಳ ಚಿಗುರುವಂತೆ ಮಾಡುವ ವಿಇಜಿಎಫ್ ಎಂಬ ಪ್ರೊಟೀನನ್ನು ಅದು ತಡೆಯುತ್ತದೆ. ಗೆಡ್ಡೆಯಲ್ಲಿ ನಡೆದದ್ದು ಕಣ್ಣಿನಲ್ಲೂ ನಡೆದೀತು ಎಂದು ಮರುವರ್ಷವೇ ಕಣ್ಣಿಗೆ ಹಾಕಿ ನೋಡಿದರು, ನಡೆಯಿತು. ರಾನಿಬಿಜುಮಾಬ್, ಅಫ್ಲಿಬರ್ಸೆಪ್ಟ್ ಎಂಬ ದಾಯಾದಿಗಳೂ ಇದ್ದಾರೆ; ಬೆಲೆಯಲ್ಲಿ ಅಜಗಜಾಂತರ. 2015ರಲ್ಲಿ ಅಮೆರಿಕದವರು ಮೂರನ್ನೂ ಹೋಲಿಸಿ ನೋಡಿದಾಗ, ದೃಷ್ಟಿ ಅಷ್ಟೇನೂ ಇಳಿಯದವರಲ್ಲಿ ಮೂರೂ ಸರಿಸಮ ಎಂದು ಕಂಡಿತ್ತು. ಆದ್ದರಿಂದ ಅಗ್ಗದ್ದು ಹಾಕಲೇ ಎಂದು ಡಾಕ್ಟರು ಕೇಳಿದರೆ ಮುಖ ಸಣ್ಣ ಮಾಡಿಕೊಳ್ಳಬೇಕಿಲ್ಲ.

ಆದರೆ ಯಾವುದನ್ನು ಹಾಕಿಸಿದರೂ ಅದು ಒಂದು ಸಲಕ್ಕೆ ಮುಗಿಯುವ ಬಾಬತ್ತಲ್ಲ. ಔಷಧದ ಜೋರು ವಾರಗಳಲ್ಲಿ ಇಳಿಯುತ್ತದೆ, ಬಾವು ಮತ್ತೆ ತಲೆಯೆತ್ತುತ್ತದೆ. ಮತ್ತೆ ಓಸಿಟಿ, ಮತ್ತೆ ಸೂಜಿ. ಬಹಳ ಜನ ಎರಡನೆಯದಕ್ಕೋ ಮೂರನೆಯದಕ್ಕೋ ಬೇಸತ್ತು ಬಿಟ್ಟುಬಿಡುತ್ತಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ನವಲಗುಂದದ ಕಡೆಯ ರೈತರೊಬ್ಬರು, "ಪೊರಿ ಆಗಿದ್ರ ಒಂದ ಪೆಟ್ಟಿಗೆ ಮುಗೀತಿತ್ತು ನೋಡ್ರಿ" ಎಂದು ನಿಟ್ಟುಸಿರುಬಿಟ್ಟವರು ಮುಂದಿನ ಸರದಿಗೆ ಬರಲಿಲ್ಲ. ಬಸ್ಸು, ಆಳಿನ ಕೂಲಿ, ಜೊತೆಗೆ ಬರಲು ಒಬ್ಬ ಮಗ, ಇವೆಲ್ಲ ಕೂಡಿ ಬರಬೇಕಲ್ಲ. ಔಷಧ ಕಂಡುಹಿಡಿದವರು ಇದಕ್ಕೊಂದು ಹನಿ ಕಂಡುಹಿಡಿದಿಲ್ಲ.

ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆ ಇದೆ ಎಂದು 2023ರಲ್ಲಿ ಐಸಿಎಂಆರ್ ಸಮೀಕ್ಷೆ ಹೇಳಿತು. ಈ ಪುಟ ಓದುತ್ತಿರುವ ನಿಮ್ಮಲ್ಲೂ ಕೆಲವರು ಅದರಲ್ಲಿದ್ದೀರಿ. ಚಷ್ಮಾ ಅಂಗಡಿಯಲ್ಲಿ ನಂಬರ್ ನೋಡಿಸಿಕೊಂಡು ಬಂದರೆ ಆಗಲಿಲ್ಲ. ವರ್ಷಕ್ಕೊಮ್ಮೆಯಾದರೂ ಹನಿ ಹಾಕಿಸಿ, ಪಾಪೆ ಹಿಗ್ಗಿಸಿ, ಒಳಪರದೆ ತೋರಿಸಿ. ಚೆನ್ನಾಗಿ ಕಾಣುತ್ತಿರುವಾಗಲೇ ಹೋಗಿ. ನಾಲ್ಕೈದು ತಾಸು ಎಲ್ಲ ಮಂಜುಮಂಜಾಗಿರುತ್ತದೆ, ಸ್ಕೂಟರ್ ಒಯ್ಯಬೇಡಿ.